ಎಲ್ಲಿಯ ಪಾಂಜ್‌ದೇ, ಎಲ್ಲಿಯ ಗೊಮುಂಡೊ!

ಈ ಸಲ ವಾಚಕರನ್ನು ಕೊರಿಯಾ ದೇಶದ ದಕ್ಷಿಣ ಸಮುದ್ರಕ್ಕೆ ಕರೆದುಕೊಂಡು ಹೋಗೋಣವೆಂದಿದ್ದೇವೆ. ಮಕ್ಕಳ ಭೂಪಟವನ್ನು ಮುಂದಿಟ್ಟುಕೊಂಡು ಕುಳಿತರೆ ಅನುಕೂಲ. ಕೊರಿಯಾದ ತೀರಕ್ಕೂ ಜೇಜು ದ್ವೀಪಕ್ಕೂ ನಡುವೆ ಗೊಮುಂಡೊ ಎಂಬ ಪುಟ್ಟ ದ್ವೀಪಗಳ ಗುಂಪಿದೆ. ಎರಡು ದೊಡ್ಡ ದ್ವೀಪಗಳು ಎದುರುಬದುರಾಗಿ ನಿಂತು, ಚಿಕ್ಕದೊಂದನ್ನು ನಡುವೆ ಇಟ್ಟುಕೊಂಡಿವೆ. ಒಳಗೆ ಹಡಗು ನಿಲ್ಲಲು ಒಳ್ಳೆಯ ಆಸರೆ. 1845ರಲ್ಲಿ ಎಡ್ವರ್ಡ್ ಬೆಲ್ಚರ್ ಎಂಬ ಇಂಗ್ಲಿಷ್ ನೌಕಾಧಿಕಾರಿ ಇಲ್ಲಿ ಅಳತೆ ಮಾಡಿ, ತನ್ನ ನೌಕಾ ಇಲಾಖೆಯ ಕಾರ್ಯದರ್ಶಿಯ ಹೆಸರನ್ನಿಟ್ಟು ‘ಪೋರ್ಟ್ ಹ್ಯಾಮಿಲ್ಟನ್’ ಎಂದು ಕರೆದನು. ತೊಟ್ಟಿಲೂ ಇಲ್ಲ, ಮನೆಯವರ ಒಪ್ಪಿಗೆಯೂ ಇಲ್ಲ. ನಾಮಕರಣ ಮಾತ್ರ ಆಗಿಹೋಯಿತು!

ನಲವತ್ತು ವರ್ಷಗಳ ಮೇಲೆ ಯುದ್ಧನೌಕೆಗಳೇ ಬಂದವು. ಅದರ ಕಾರಣ ಹುಟ್ಟಿದ್ದು ನಮ್ಮ ಮಗ್ಗುಲಲ್ಲಿ. 1885ರ ಮಾರ್ಚ್ 30ರಂದು ರಷ್ಯದ ಸೈನ್ಯವು ಆಫ್ಘಾನಿಸ್ಥಾನದ ಗಡಿಯ ಪಾಂಜ್‌ದೇ ಎಂಬಲ್ಲಿ ಆಫ್ಘನರನ್ನು ಹೊಡೆದಟ್ಟಿತು. ಸುದ್ದಿ ತಲುಪಿದಾಗ ಅಮೀರ ಅಬ್ದುರ್ ರಹಮಾನನು ರಾವಲ್ಪಿಂಡಿಯಲ್ಲಿ ವೈಸರಾಯ್ ಡಫರಿನ್ ಸಾಹೇಬರ ಅತಿಥಿ. ಇನ್ನು ರಷ್ಯ ಇಂಡಿಯಾಕ್ಕೇ ನುಗ್ಗೀತೆಂದು ಲಂಡನ್ ಬೆಚ್ಚಿಬಿದ್ದಿತು. ಯುದ್ಧವಾದರೆ ವ್ಲಾಡಿವೊಸ್ಟಾಕಿನ ರಷ್ಯನ್ ಹಡಗುಗಳ ಮೇಲೆ ಕಣ್ಣಿಡಲು ನೆಲೆಯೊಂದು ಬೇಕಲ್ಲ? ಏಪ್ರಿಲ್ 15ರಂದು ಅಗಮೆಮ್ನಾನ್, ಪೆಗಾಸಸ್, ಫೈರ್‌ಬ್ರಾಂಡ್ ಎಂಬ ಮೂರು ಹಡಗುಗಳು ಗೊಮುಂಡೊದಲ್ಲಿ ಲಂಗರು ಹಾಕಿದವು. ಹೀಗೆ ನಮ್ಮ ದೇಶವನ್ನು ಕಾಯುವ ನೆವದಲ್ಲಿ, ಅದರ ಗೊಡವೆಯೇ ಇಲ್ಲದ ಬೆಸ್ತರ ಅಂಗಳಕ್ಕೆ ತೋಪುಗಳು ಬಂದವು.

ಕೊರಿಯಾದ ಅಪ್ಪಣೆಯನ್ನು ಯಾರೂ ಬೇಡಲಿಲ್ಲ. ಅದೇ ಕೊರಿಯಾದೊಡನೆ 1883ರಲ್ಲಿ ಬ್ರಿಟನ್ನು ಸ್ನೇಹದ ಕರಾರಿಗೆ ರುಜು ಹಾಕಿತ್ತೆಂಬುದನ್ನು ವಾಚಕರು ಗಮನಿಸಬೇಕು. ದೊರೆ ಗೊಜೊಂಗನ ಬಳಿ ಸಮುದ್ರಕ್ಕೆ ಇಳಿಸಲು ತಕ್ಕ ನೌಕಾಬಲವಿರಲಿಲ್ಲ. ಅವನ ಸೇವೆಯಲ್ಲಿದ್ದ ಮೊಲೆನ್‌ಡಾರ್ಫ್ ಎಂಬ ಜರ್ಮನ್ ಸಲಹೆಗಾರನೂ ಒಬ್ಬ ಕೊರಿಯನ್ ಅಧಿಕಾರಿಯೂ ಚೀನಾದ ಹಡಗನ್ನು ಹತ್ತಿ ದ್ವೀಪಕ್ಕೆ ಹೋಗಿ ವಿಚಾರಿಸಿದರು. ಅಲ್ಲಿಂದ ಜಪಾನಿನ ನಾಗಸಾಕಿಗೆ ಹೋಗಿ ಅಡ್ಮಿರಲ್ ಡೋವೆಲ್ಲನಿಗೆ ಆಕ್ಷೇಪಣೆ ಸಲ್ಲಿಸಿದರು. ಲಂಡನ್ನಿಗೆ ತಿಳಿಸುತ್ತೇನೆ ಎಂಬುದೇ ಉತ್ತರ. ಕಛೇರಿಗಳಿಗೆ ಅಲೆದವರಿಗೆಲ್ಲ ಈ ಉತ್ತರದ ರುಚಿ ಗೊತ್ತು.

ಅತ್ತ ದ್ವೀಪದಲ್ಲಿ ಬಿಡಾರಗಳೆದ್ದವು. ಶಾಂಘಾಯಿಯ ಕಡೆಯಿಂದ ಸಮುದ್ರದಡಿ ತಂತಿ ಎಳೆದರು. ದ್ವೀಪದವರಿಗೆ ಕೂಲಿಯೂ ದೊರೆಯಿತು. ಅದನ್ನು ಮರೆಮಾಚಬೇಕಾಗಿಲ್ಲ. ಆದರೆ ಕೂಲಿ ಕೊಟ್ಟೊಡನೆ ಮನೆ ಕೊಟ್ಟವನದಾಗುವುದಿಲ್ಲ.

ಆಫ್ಘನ್ ಜಗಳ ಅದೇ ಸೆಪ್ಟೆಂಬರಿನಲ್ಲಿ ಬಹುಮಟ್ಟಿಗೆ ಇತ್ಯರ್ಥವಾಯಿತು. ಆದರೂ ಹಡಗುಗಳು ಕದಲಲಿಲ್ಲ. ಈ ಬಂದರಿಗೆ ಕೋಟೆ ಕಟ್ಟುವುದು ದುಬಾರಿಯೆಂದು ಬ್ರಿಟನ್ನಿನ ನೌಕಾಧಿಪತಿಗಳೇ ಬರೆದರು. ಕೊನೆಗೆ ಚೀನಾದ ಲಿ ಹುಂಗ್‌ಚಾಂಗನು ನಡುವೆ ಬಂದು, ಕೊರಿಯಾದ ನೆಲವನ್ನು ತಾನೂ ಮುಟ್ಟುವುದಿಲ್ಲವೆಂದು ರಷ್ಯದಿಂದ ಮಾತು ಪಡೆದನು. 1887ರ ಫೆಬ್ರುವರಿ 27ರಂದು ಬ್ರಿಟನ್ನಿನ ಬಾವುಟ ಇಳಿಯಿತು. ಕೊರಿಯಾದ ನೆಲದ ಬಗೆಗಿನ ಮಾತು ರಷ್ಯಕ್ಕೂ ಚೀನಾಕ್ಕೂ ನಡುವೆ ನಡೆದದ್ದು ನಮಗೆ ಎಲ್ಲಕ್ಕಿಂತ ಖೇದಕರವಾಗಿ ತೋರುತ್ತದೆ.

ಇಷ್ಟೆಲ್ಲ ಆದರೂ ಅಲ್ಲಿ ರಷ್ಯನ್ನರೊಡನೆ ಒಂದು ಕದನವೂ ನಡೆಯಲಿಲ್ಲ. ದ್ವೀಪದ ದಿಣ್ಣೆಯ ಮೇಲೆ ಆ ಕಾಲದ ಸಮಾಧಿಯೊಂದು ಉಳಿದಿದೆ. ಆಲ್ಬಟ್ರಾಸ್ ಹಡಗಿನ ಇಬ್ಬರು ನಾವಿಕರದು. 1886ರಲ್ಲಿ ತಮ್ಮದೇ ತೋಪು ಸಿಡಿದು ಸತ್ತವರು.