ಬೀಗವೊಂದು ದಾರಿ, ಕೀಲಿಯೊಂದು ದಾರಿ

ವಿದ್ಯೆಯನ್ನು ಬಚ್ಚಿಡಬಾರದೆಂಬುದು ಶರಣ ಪರಂಪರೆಯು ನಾಡಿಗೆ ನೀಡಿದ ಪಾಠ. ಮಠಗಳಲ್ಲಿಯೂ ಮನೆಗಳಲ್ಲಿಯೂ ಪೂಜೆಯ ಗಂಟುಗಳಾಗಿ ಉಳಿದಿದ್ದ ತಾಡವೋಲೆಗಳನ್ನು ಊರೂರು ಅಲೆದು ಸಂಗ್ರಹಿಸಿ, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಬೆಳಕಿಗೆ ತಂದ ಡಾ. ಫ. ಗು. ಹಳಕಟ್ಟಿಯವರು, ಮುಚ್ಚಿಟ್ಟ ಜ್ಞಾನವು ಗೆದ್ದಲಿಗೆ ಆಹಾರವಾಗುವುದೆಂಬುದನ್ನು ತಮ್ಮ ಕಾಯಕದಿಂದಲೇ ತೋರಿಸಿಕೊಟ್ಟರು. ಇಂತಹ ಪರಂಪರೆಯ ನೆರಳಿನಲ್ಲಿ ಬೆಳೆದ ವಿದ್ಯಾಸಂಸ್ಥೆಗಳಲ್ಲಿ ಬೀಗದ ಮಾತನ್ನೆತ್ತುವುದು ವಿಪರೀತವೆನಿಸಬಹುದು. ಆದರೆ ಗ್ರಂಥ ಬೇರೆ. ಒಬ್ಬ ಬಾಲಕಿಯ ಜಾತಿ, ಮನೆಯ ಆದಾಯ, ಬ್ಯಾಂಕಿನ ಖಾತೆ, ಆಧಾರ್ ಸಂಖ್ಯೆಗಳನ್ನೊಳಗೊಂಡ ಪಟ್ಟಿ ಬೇರೆ. ಮೊದಲನೆಯದು ಸಮಾಜದ ಸೊತ್ತು, ಎರಡನೆಯದು ಆ ಬಾಲಕಿಯ ಸೊತ್ತು. ಶಾಲೆಯು ಅದರ ಕಾವಲುಗಾರನೇ ಹೊರತು ಒಡೆಯನಲ್ಲ.

ಹಿಂದೆ ದಾಖಲಾತಿ ಪುಸ್ತಕವು ಕಪಾಟಿನಲ್ಲಿರುತ್ತಿತ್ತು; ಕೀಲಿಯು ಮುಖ್ಯೋಪಾಧ್ಯಾಯರ ಬಳಿಯಿರುತ್ತಿತ್ತು. ಇಂದು ಆ ವಿವರಗಳು ಗಣಕಯಂತ್ರದಲ್ಲಿವೆ. ಒಂದು ಗುಂಡಿಯನ್ನೊತ್ತಿದರೆ ಇಡೀ ತರಗತಿಯ ಪಟ್ಟಿಯು ಪಿಡಿಎಫ್ ಅಥವಾ ಎಕ್ಸೆಲ್ ಕಡತವಾಗಿ ಹೊರಬೀಳುತ್ತದೆ. ಮರುಕ್ಷಣವೇ ವಾಟ್ಸ್‌ಆ್ಯಪ್ ಮೂಲಕ ಹತ್ತಾರು ಫೋನುಗಳನ್ನು ಸೇರುತ್ತದೆ. ತಂತ್ರಾಂಶದೊಳಗಿರುವವರೆಗೆ ಬಂದವರಾರೆಂದು ಕೇಳುವ ಕಾವಲುಂಟು. ಹೊರಬಿದ್ದ ಕಡತಕ್ಕೆ ಅದರೊಡನೆಯೇ ಸಾಗುವ ಗುಪ್ತಪದವೊಂದೇ, ಅರ್ಥಾತ್ ಪಾಸ್‌ವರ್ಡ್ ಒಂದೇ, ರಕ್ಷೆ.

ಆದರೆ ಎಲ್ಲ ಗುಪ್ತಪದಗಳೂ ಗುಪ್ತವಲ್ಲ. ಅಂತರ್ಜಾಲದಿಂದ ಇಳಿಸಿಕೊಳ್ಳುವ ಇ-ಆಧಾರ್ ಕಡತವನ್ನೇ ನೋಡಬಹುದು. ಹೆಸರಿನ ಮೊದಲ 4 ಇಂಗ್ಲಿಷ್ ದೊಡ್ಡಕ್ಷರಗಳು, ಅನಂತರ ಹುಟ್ಟಿದ ವರ್ಷ: ಇದೇ ಅದರ ಕೀಲಿ. ನೆನಪಿಡಲು ಸುಲಭವೆಂಬುದು ನಿಜ. ಆದರೆ ಆದಿಲ್‌ಶಾಹಿ ಅರಸರ ಸಮಾಧಿಗಳಿಂದ ಹೆಸರಾದ ಶಹಾಪುರ ತಾಲ್ಲೂಕಿನ ಗೋಗಿಯಂತಹ ಊರಿನಲ್ಲಿ, ಯಾರ ಮಗುವಿನ ಹೆಸರು ಯಾರಿಗೆ ತಿಳಿಯದು? ಹತ್ತನೆಯ ತರಗತಿಯ ಮಕ್ಕಳ ಜನ್ಮವರ್ಷವನ್ನು ಎರಡು ಮೂರು ಪ್ರಯತ್ನಗಳಲ್ಲಿಯೇ ಊಹಿಸಬಹುದು. ಎ.ಟಿ.ಎಂ. ಯಂತ್ರವಾದರೋ ಕೆಲವು ತಪ್ಪು ಪ್ರಯತ್ನಗಳ ಬಳಿಕ ಕಾರ್ಡನ್ನು ತಡೆಹಿಡಿಯುತ್ತದೆ. ಅನ್ಯರ ಕೈಸೇರಿದ ಕಡತಕ್ಕೆ ಆ ಎಣಿಕೆಯಿಲ್ಲ. ಲಕ್ಷ ಸಲ ತಪ್ಪಿದರೂ ಅದು ಸುಮ್ಮನಿರುತ್ತದೆ.

ಮತ್ತೊಂದು ಭ್ರಮೆಯೂ ಉಂಟು. ಪಿಡಿಎಫ್ ಕಡತಕ್ಕೆ ಎರಡು ಬಗೆಯ ಗುಪ್ತಪದಗಳಿವೆ. ಒಂದು, ಕಡತವನ್ನು ತೆರೆಯಲೆಂದೇ ಬೇಕಾದುದು. ಅದಿಲ್ಲದೆ ಒಳಗಿನ ಬರಹವು ಅರ್ಥವಿಲ್ಲದ ಗೂಢಲಿಪಿ. ಇನ್ನೊಂದು, ಮುದ್ರಣವನ್ನೋ ನಕಲನ್ನೋ ತಿದ್ದುಪಡಿಯನ್ನೋ ನಿಷೇಧಿಸುವುದು. ಇದನ್ನಷ್ಟೇ ಇಟ್ಟರೆ ಓದಲು ಯಾರಿಗೂ ಅಡ್ಡಿಯಿಲ್ಲ. ನಿಷೇಧವನ್ನು ಪಾಲಿಸುವುದೂ ಬಿಡುವುದೂ ಓದುವ ತಂತ್ರಾಂಶದ ಮರ್ಜಿ. ಎಕ್ಸೆಲ್‌ನಲ್ಲಿ ಹಾಳೆಯನ್ನಷ್ಟೇ ರಕ್ಷಿಸುವ ಗುಪ್ತಪದವೂ ಇದೇ ಬಗೆಯದು. ಅದು ಬಾಗಿಲಿಗೆ ಬರೆದು ಅಂಟಿಸಿದ ‘ಪ್ರವೇಶವಿಲ್ಲ’ ಎಂಬ ಫಲಕವೇ ಹೊರತು ಬೀಗವಲ್ಲ. 2017ರಲ್ಲಿ ಪ್ರಕಟವಾದ ಪಿಡಿಎಫ್‌ನ ಅಂತರರಾಷ್ಟ್ರೀಯ ಮಾನಕವು 256 ಬಿಟ್‌ಗಳ ಗೂಢಲಿಪಿಯನ್ನು ಒಳಗೊಂಡಿದೆ. ಅಷ್ಟು ಬಲವಾದ ಬೀಗಕ್ಕೂ ಹುಟ್ಟಿದ ವರ್ಷವೇ ಕೀಲಿಯಾದರೆ ಫಲವೇನು?

ಆದುದರಿಂದ ಶಾಲಾ ಕಚೇರಿಗಳು ಪಾಲಿಸಬೇಕಾದ ಮೂಲ ನಿಯಮವೊಂದಿದೆ. ಬೀಗ ಹೋದ ದಾರಿಯಲ್ಲಿ ಕೀಲಿ ಹೋಗಬಾರದು. ಕಡತವು ಮಿಂಚಂಚೆಯಲ್ಲಿ ಹೋದರೆ ಗುಪ್ತಪದವನ್ನು ದೂರವಾಣಿಯಲ್ಲಿ ತಿಳಿಸುವುದು ಲೇಸು. ಅದು ಊಹೆಗೆ ನಿಲುಕದಷ್ಟು ಉದ್ದವಾಗಿರಲಿ; ಒಬ್ಬೊಬ್ಬರಿಗೆ ಒಂದೊಂದಾಗಿರಲಿ. ಕೇಳಿದಷ್ಟೇ ವಿವರ ಹೋಗಲಿ. 371(ಜೆ) ವಿಧಿಯ ಅರ್ಹತಾ ಪತ್ರಕ್ಕಾಗಿ ವ್ಯಾಸಂಗದ ವಿವರ ಬೇಕಾದಲ್ಲಿ ಬ್ಯಾಂಕಿನ ಖಾತೆಯನ್ನೇಕೆ ಕಳುಹಿಸಬೇಕು? ಇದೆಲ್ಲ ಶಿಕ್ಷಕರಿಗೆ ಹೊರೆಯೆಂಬ ಆಕ್ಷೇಪದಲ್ಲಿ ಹುರುಳಿಲ್ಲದಿಲ್ಲ. ಗುಪ್ತಪದವನ್ನು ಮರೆತರೆ ಕಡತವೇ ಹೋಯಿತೆಂಬ ಭಯವೂ ನ್ಯಾಯವಾದುದೇ. ಅದಕ್ಕಾಗಿಯೇ ಬೀಗವನ್ನು ಹೊರಹೋಗುವ ಪ್ರತಿಗೆ ಹಾಕಬೇಕು; ಮೂಲ ದಾಖಲೆಯು ಕಚೇರಿಯ ಸುಪರ್ದಿಯಲ್ಲಿಯೇ ಇರಬೇಕು. ಇಲ್ಲವಾದರೆ ಅದೂ ಯಾರೂ ಬಿಚ್ಚಲಾರದ ಹೊಸ ತಾಡವೋಲೆಯ ಗಂಟಾದೀತು.

ಖಾಸಗಿತನವು ಮೂಲಭೂತ ಹಕ್ಕೆಂದು ಸರ್ವೋಚ್ಚ ನ್ಯಾಯಾಲಯದ 9 ನ್ಯಾಯಮೂರ್ತಿಗಳ ಪೀಠವು 2017ರ ಆಗಸ್ಟ್ 24ರಂದು ಸಾರಿದ್ದು, ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರ ಅರ್ಜಿಯ ಮೇಲೆ ಎಂಬುದು ಕನ್ನಡಿಗರಿಗೆ ಹೆಮ್ಮೆಯ ಸಂಗತಿ. 2023ರ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯೂ 18 ವರ್ಷ ತುಂಬದವರ ವಿವರಗಳಿಗೆ ವಿಶೇಷ ರಕ್ಷಣೆಯನ್ನು ವಿಧಿಸಿದೆ. ಆದರೆ ಕಾನೂನಿಗೆ ಅಂಜಿ ಮಾಡುವ ಕೆಲಸಕ್ಕಿಂತ ಕರ್ತವ್ಯವೆಂದು ಮಾಡುವ ಕೆಲಸವು ಮೇಲು.

ಇಂದು ಬೆಂಗಳೂರು, ಹೈದರಾಬಾದುಗಳಲ್ಲಿ ತಂತ್ರಾಂಶವನ್ನೇ ಕಾಯಕವಾಗಿಸಿಕೊಂಡ ಹಳೆಯ ವಿದ್ಯಾರ್ಥಿಗಳು ಈ ಭಾಗದ ಶಾಲೆಗಳಿಗೆ ಕಡಿಮೆಯಿಲ್ಲ. ಕಡತವು ಹೊರಬೀಳುವ ಮುನ್ನ ತಾನಾಗಿಯೇ ಬೀಗ ಹಾಕಿಕೊಳ್ಳುವ, ಊಹಿಸಲಾಗದ ಗುಪ್ತಪದವನ್ನು ತಾನೇ ರಚಿಸುವ ವ್ಯವಸ್ಥೆಯನ್ನು ಅವರು ತಮ್ಮ ಶಾಲೆಗೆ ರೂಪಿಸಿಕೊಟ್ಟರೆ, ಶಿಕ್ಷಕರ ಹೊರೆಯೂ ಇಳಿಯುವುದು, ಮಕ್ಕಳ ಮಾನವೂ ಉಳಿಯುವುದು. ಕಟ್ಟಡಕ್ಕೆ ಕೊಟ್ಟ ಕಾಣಿಕೆಗಿಂತ ಅದು ಕಡಿಮೆಯ ದಾಸೋಹವೇನಲ್ಲ.