ಅಣ್ಣನ ಲೋಟ, ತಂಗಿಗೆ ದಂಡ

ಬಿಯರಿನ ನಾಡೆಂದು ಜಗತ್ತೆಲ್ಲ ಕರೆಯುವ ಜರ್ಮನಿಯಲ್ಲಿ ಬಿಯರಿನ ಮೇಲಿನ ಸುಂಕದಿಂದ ವರ್ಷಕ್ಕೆ ಬರುವ ಆದಾಯ ಸುಮಾರು 60 ಕೋಟಿ ಯೂರೊ. 2023ರ ವಿನಿಮಯ ದರದಲ್ಲಿ ಇದು ಐದೂವರೆ ಸಾವಿರ ಕೋಟಿ ರೂಪಾಯಿಯ ಆಸುಪಾಸು. ಇದಕ್ಕೆ ಉಳಿದ ಮದ್ಯಗಳ ಸುಂಕವನ್ನು ಕೂಡಿಸಿದರೂ ಆ ವರ್ಷದ ಮೊತ್ತ 30 ಸಾವಿರ ಕೋಟಿ ರೂಪಾಯಿಯನ್ನು ಮುಟ್ಟಲಿಲ್ಲ. ಕರ್ನಾಟಕ ಸರ್ಕಾರ 2023–24ರಲ್ಲಿ ಅಬಕಾರಿ ಬಾಬಿನಿಂದ ಸಂಗ್ರಹಿಸಿದ್ದು 34 ಸಾವಿರ ಕೋಟಿ ರೂಪಾಯಿಗೂ ಹೆಚ್ಚು. ಅವರ ಜನಸಂಖ್ಯೆ ಎಂಟು ಕೋಟಿಗೂ ಮೀರಿದ್ದು, ನಮ್ಮದು ಏಳು ಕೋಟಿಯ ಒಳಗಿನದು. ನಾವು ಜರ್ಮನರಿಗಿಂತ ಹೆಚ್ಚು ಕುಡಿಯುತ್ತೇವೆ ಎಂಬುದು ಇದರ ಅರ್ಥವಲ್ಲ. ನಮ್ಮ ಸುಂಕದ ದರಗಳು ಬಹಳ ಹೆಚ್ಚು. ಆದರೆ ರಾಜ್ಯದ ಸ್ವಂತ ತೆರಿಗೆ ಆದಾಯದ ಸುಮಾರು ಐದನೆಯ ಒಂದು ಭಾಗ ಸೀಸೆಯಿಂದಲೇ ಬರುತ್ತಿದೆ ಎಂಬುದಂತೂ ನಿಜ. ಹೀಗಿದ್ದೂ ಕುಡಿತದ ವಿಷಯ ಬಂದಾಗ ನಾವು ಬೊಟ್ಟು ಮಾಡಿ ತೋರಿಸುವುದು ಪಶ್ಚಿಮದ ಕಡೆಗೆ.

ಈ ಲೆಕ್ಕವನ್ನು ಈಗ ತೆಗೆಯಲು ಕಾರಣವಿದೆ. ಬೀದರ್ ಜಿಲ್ಲೆಯ ಠಾಣಾ ಕುಶನೂರು ಮೊದಲು ಔರಾದ್ ತಾಲ್ಲೂಕಿಗೆ, ಈಗ ಕಮಲನಗರ ತಾಲ್ಲೂಕಿಗೆ ಸೇರಿದ, ಮಹಾರಾಷ್ಟ್ರದ ಗಡಿಗೆ ಸಮೀಪದ ಊರು. ಅಲ್ಲಿಯ ಸೋಯಾ, ತೊಗರಿ ಬೆಳೆಯುವ ಕುಟುಂಬವೊಂದು ನನಗೆ ಹಳೆಯ ಪರಿಚಯ. ಆ ಮನೆಯ ಮಗ ಹೊಲವನ್ನು ಬ್ಯಾಂಕಿಗೆ ಒತ್ತೆಯಿಟ್ಟು ಪಡೆದ ಸಾಲದಲ್ಲಿ ಮ್ಯೂನಿಕ್ ನಗರಕ್ಕೆ ಸ್ನಾತಕೋತ್ತರ ತಾಂತ್ರಿಕ ಶಿಕ್ಷಣಕ್ಕಾಗಿ ಹೋದ. 2025ರ ಸೆಪ್ಟೆಂಬರ್ ಕೊನೆಯಲ್ಲಿ ಆತ ಸಹಪಾಠಿಗಳೊಂದಿಗೆ ಅಲ್ಲಿನ ಅಕ್ಟೋಬರ್‌ಫೆಸ್ಟ್‌ಗೆ ಹೋಗಿ, ಒಂದು ಲೀಟರಿನ ಗಾಜಿನ ಮಗ್ಗನ್ನು ಎತ್ತಿ ಹಿಡಿದು ತೆಗೆಸಿಕೊಂಡ ಚಿತ್ರ ಮೊಬೈಲಿನಿಂದ ಮೊಬೈಲಿಗೆ ಹಾರಿ, ಒಂದೇ ದಿನದಲ್ಲಿ ಊರಿನ ಕಟ್ಟೆಯನ್ನು ತಲುಪಿತು. ತಂದೆ ನನಗೆ ಫೋನ್ ಮಾಡಿ ಹೇಳಿದ್ದು ಎರಡೇ ಮಾತು: "ಸಾಹೇಬರೇ, ಮಗ ಕೆಟ್ಟ. ಇನ್ನ ಮಗಳಿಗಿ ಕಳ್ಸಲ್ಲ." ಮಗಳು ಎಂಜಿನಿಯರಿಂಗ್‌ನ ಕೊನೆಯ ವರ್ಷದಲ್ಲಿದ್ದಾಳೆ. ಅಂಕಗಳಲ್ಲಿ ಅಣ್ಣನಿಗಿಂತ ಮುಂದು. ಜರ್ಮನ್ ಭಾಷೆಯ ಮೊದಲ ಹಂತದ ಪರೀಕ್ಷೆಯನ್ನೂ ಮುಗಿಸಿಕೊಂಡಿದ್ದಾಳೆ. ಅಣ್ಣ ಎತ್ತಿದ ಲೋಟಕ್ಕೆ ದಂಡ ತೆರಬೇಕಾಗಿ ಬಂದಿರುವುದು ಅವಳು.

ಇದು ಒಂದು ಮನೆಯ ಕಥೆಯಷ್ಟೇ ಆಗಿದ್ದರೆ ಇಲ್ಲಿ ಬರೆಯುವ ಅಗತ್ಯವಿರಲಿಲ್ಲ. ಜರ್ಮನಿಯಲ್ಲಿ ಓದುತ್ತಿರುವ ಭಾರತೀಯ ವಿದ್ಯಾರ್ಥಿಗಳ ಸಂಖ್ಯೆ 2023–24ರಲ್ಲಿ ಸುಮಾರು 49 ಸಾವಿರಕ್ಕೆ ಏರಿ, ಅಲ್ಲಿನ ವಿದೇಶಿ ವಿದ್ಯಾರ್ಥಿಗಳಲ್ಲಿ ನಮ್ಮವರೇ ಅತಿ ದೊಡ್ಡ ಗುಂಪಾಗಿದ್ದಾರೆ. ಬಹುತೇಕ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವಿಲ್ಲದಿರುವುದು, ಇದ್ದಲ್ಲಿಯೂ ಇಂಗ್ಲೆಂಡ್, ಅಮೆರಿಕಗಳಿಗಿಂತ ಕಡಿಮೆಯಿರುವುದು ಇದಕ್ಕೆ ಮುಖ್ಯ ಕಾರಣ. ಹೀಗಾಗಿ ಮೊದಲ ಬಾರಿಗೆ ಬೆಂಗಳೂರು, ಮೈಸೂರುಗಳ ಅನುಕೂಲಸ್ಥರ ಮಕ್ಕಳಲ್ಲದೆ ಗಡಿ ತಾಲ್ಲೂಕುಗಳ ರೈತರ ಮಕ್ಕಳಿಗೂ ಈ ಬಾಗಿಲು ತೆರೆದಿದೆ. ಅದು ಮುಚ್ಚಿಕೊಳ್ಳಬೇಕಾದರೆ ಕಾರಣ ಗಟ್ಟಿಯಾದುದಾಗಿರಬೇಕು. ಒಂದು ಛಾಯಾಚಿತ್ರ ಅಂಥ ಕಾರಣವಾಗಬಲ್ಲದೇ ಎಂಬುದು ನನ್ನ ಪ್ರಶ್ನೆ.

ಆ ಹಬ್ಬವಾದರೂ ಏನು? 1810ರ ಅಕ್ಟೋಬರ್ 12ರಂದು ಬವೇರಿಯದ ಯುವರಾಜ ಲುಡ್ವಿಗ್ ಮತ್ತು ರಾಜಕುಮಾರಿ ತೆರೇಸೆಯರ ವಿವಾಹವಾಯಿತು. ಅದರ ಸಂಭ್ರಮಕ್ಕೆ ಊರ ಹೊರಗಿನ ಹುಲ್ಲುಗಾವಲಿನಲ್ಲಿ ಕುದುರೆ ಓಟ ನಡೆಯಿತು. ವಧುವಿನ ಹೆಸರನ್ನೇ ಆ ಬಯಲಿಗೆ ಇಟ್ಟರು. ಮರುವರ್ಷ ಅದಕ್ಕೆ ಕೃಷಿ ಪ್ರದರ್ಶನವೂ ಸೇರಿಕೊಂಡಿತು. ಬಿಯರಿನ ದೊಡ್ಡ ಡೇರೆಗಳು ಬಂದದ್ದು ಅದೆಷ್ಟೋ ಕಾಲದ ಮೇಲೆ. ಇಂದಿಗೂ ನಾಲ್ಕು ವರ್ಷಗಳಿಗೊಮ್ಮೆ ಅದೇ ಬಯಲಿನ ಒಂದು ಭಾಗದಲ್ಲಿ ರಾಜ್ಯಮಟ್ಟದ ಕೃಷಿ ಮೇಳ ನಡೆಯುತ್ತದೆ, 2024ರಲ್ಲೂ ನಡೆಯಿತು. ದೇವಣಿ ಹೋರಿಗಳನ್ನು ಸಿಂಗರಿಸಿ ಜಾತ್ರೆಗೆ ಹೊಡೆದುಕೊಂಡು ಹೋಗುವುದನ್ನು ಕಂಡ ಬೀದರ್ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮೂಲದಲ್ಲಿ ಅದೊಂದು ಜಾತ್ರೆ. ತೊಟ್ಟಿಲು, ತಿಂಡಿಯ ಅಂಗಡಿ, ವಾದ್ಯದ ಮೇಳ, ಮಕ್ಕಳ ಕೈ ಹಿಡಿದ ಅಜ್ಜಿಯರು, ಎಲ್ಲವೂ ಅಲ್ಲಿವೆ. ಮಂಗಳವಾರಗಳಂದು ಕುಟುಂಬಗಳಿಗೆ ರಿಯಾಯಿತಿಯೂ ಉಂಟು. 2024ರಲ್ಲಿ ಆ ಹದಿನಾರು ದಿನಗಳಲ್ಲಿ ಬಂದುಹೋದವರು ಸುಮಾರು 67 ಲಕ್ಷ ಮಂದಿ.

ಆಡಳಿತದಲ್ಲಿ ದುಡಿದ ನನ್ನಂಥವನ ಗಮನ ಸೆಳೆಯುವುದು ಅಲ್ಲಿನ ಉತ್ಸಾಹಕ್ಕಿಂತ ಹೆಚ್ಚಾಗಿ ಅಲ್ಲಿನ ನಿಯಮಗಳು. ಹಬ್ಬವನ್ನು ನಡೆಸುವುದು ನಗರಾಡಳಿತ. ಮೊದಲ ಪೀಪಾಯಿಗೆ ನಲ್ಲಿ ಹೊಡೆದು ಆರಂಭಿಸುವವರು ಮೇಯರ್. ಬಯಲಿಗೆ ಪ್ರವೇಶ ಉಚಿತ. ಬಿಯರ್ ಮಾರಲು ಅವಕಾಶವಿರುವುದು ಮ್ಯೂನಿಕ್‌ನ ಆರು ತಯಾರಕರಿಗೆ ಮಾತ್ರ. ದೊಡ್ಡ ಡೇರೆಗಳಲ್ಲಿ ರಾತ್ರಿ 10.30ಕ್ಕೆ ಬಿಯರ್ ಸರಬರಾಜು ನಿಲ್ಲಬೇಕು. ಆರು ವರ್ಷದೊಳಗಿನ ಮಕ್ಕಳು ಎಂಟು ಗಂಟೆಯ ಬಳಿಕ ಡೇರೆಯೊಳಗೆ ಇರುವಂತಿಲ್ಲ. ಬಿಸಾಡುವ ತಟ್ಟೆ, ಲೋಟಗಳಿಗೆ 1991ರಿಂದಲೇ ನಿಷೇಧವಿದೆ. ಸಂಜೆ ಆರರವರೆಗೆ ಸಾಂಪ್ರದಾಯಿಕ ವಾದ್ಯಗಳನ್ನೇ, ಅದೂ 85 ಡೆಸಿಬಲ್ ಮೀರದಂತೆ ನುಡಿಸಬೇಕೆಂಬ ನಿಯಮ 2005ರಲ್ಲಿ ಬಂತು. ನಮ್ಮ ಉತ್ಸವಗಳಲ್ಲಿ ಡಿಜೆ ಸದ್ದಿಗೆ ಎದೆ ಹಿಡಿದುಕೊಂಡು ಕೂರುವ ಹಿರಿಯರು ಇದನ್ನು ಗಮನಿಸಬೇಕು. 21 ವರ್ಷ ತುಂಬದವರು ಮತ್ತು ಹೊಸದಾಗಿ ಲೈಸೆನ್ಸ್ ಪಡೆದವರು ಹನಿ ಕುಡಿದೂ ವಾಹನ ನಡೆಸುವಂತಿಲ್ಲ ಎಂಬುದು ಇಡೀ ದೇಶದ ಕಾನೂನು. ಎಂದೇ ಜನ ಬರುವುದು ಹೋಗುವುದು ಬಹುಮಟ್ಟಿಗೆ ನೆಲದಡಿಯ ರೈಲಿನಲ್ಲಿ.

ಅಲ್ಲಿ ಎಲ್ಲವೂ ಚೆನ್ನಾಗಿದೆಯೆಂದು ನಾನು ಹೇಳುತ್ತಿಲ್ಲ. ಹೊಡೆದಾಟ, ಕಳವು, ಹೆಣ್ಣುಮಕ್ಕಳ ಮೇಲಿನ ದೌರ್ಜನ್ಯದ ಪ್ರಕರಣಗಳನ್ನು ಪೊಲೀಸರು ಪ್ರತಿವರ್ಷ ದಾಖಲಿಸುತ್ತಾರೆ. ಆ ಒಂದು ಲೀಟರ್ ಬಿಯರೂ ನಿರಪಾಯವಾದುದಲ್ಲ. ಸುಮಾರು ಶೇ 6ರಷ್ಟು ಮದ್ಯಸಾರವಿರುವ ಅದರಲ್ಲಿ 60 ಮಿಲಿ ಲೀಟರ್ ಶುದ್ಧ ಮದ್ಯಸಾರವಿರುತ್ತದೆ. ನಮ್ಮ ಹಳ್ಳಿಗಳಲ್ಲಿ 'ತೊಂಬತ್ತು' ಎಂದು ಕರೆಯುವ ವಿಸ್ಕಿಯ ಪೊಟ್ಟಣ ಒಂದೂವರೆಗಿಂತ ಹೆಚ್ಚು ಕುಡಿದಂತೆ. ಮದ್ಯದ ಯಾವ ಪ್ರಮಾಣವೂ ಆರೋಗ್ಯಕ್ಕೆ ಸುರಕ್ಷಿತವಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸ್ಪಷ್ಟವಾಗಿ ಹೇಳಿದೆ. ಆದರೆ ಅಲ್ಲಿ ಕೇಡನ್ನು ಬೆಳಕಿನಲ್ಲಿಟ್ಟು ನೋಡುತ್ತಾರೆ, ಎಣಿಸುತ್ತಾರೆ, ಎಣಿಸಿದ ಮೇಲೆ ಏನಾದರೂ ಮಾಡುತ್ತಾರೆ. ತೊಂದರೆಗೆ ಸಿಲುಕಿದ ಹೆಣ್ಣುಮಕ್ಕಳು ಬಂದು ಕುಳಿತು ನೆರವು ಪಡೆಯಲು, ಸುರಕ್ಷಿತವಾಗಿ ಮನೆ ಸೇರಲು 2003ರಿಂದ ಆ ಬಯಲಿನಲ್ಲಿಯೇ ಪ್ರತ್ಯೇಕ ವ್ಯವಸ್ಥೆಯಿದೆ. ನಮ್ಮ ಎಷ್ಟು ಜಾತ್ರೆಗಳಲ್ಲಿ ಅಂಥದೊಂದು ಕೊಠಡಿಯಿದೆ?

ಇನ್ನು ನಮ್ಮ ಕಡೆಗೆ ಬರೋಣ. ಬೀದರ್ ಸೀಮೆಗೆ ಮದ್ಯ ಹೊರಗಿನಿಂದ ಬಂದ ಪದಾರ್ಥವಲ್ಲ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಹೆಂಡ ಮಾರುವುದನ್ನು ಕಾಯಕವಾಗಿ ಉಳ್ಳವನೂ ಶರಣನಾದ, ವಚನಕಾರನಾದ. ಹೆಂಡದ ಮಾರಯ್ಯನನ್ನು ಶರಣರು ಬಾಗಿಲ ಹೊರಗೆ ನಿಲ್ಲಿಸಲಿಲ್ಲ. ನಿಜಾಮರ ಕಾಲದಲ್ಲಿ ಸೇಂದಿ ಮತ್ತು ಸಾರಾಯಿಯ ಅಬಕಾರಿ ಹೈದರಾಬಾದ್ ಖಜಾನೆಯ ದೊಡ್ಡ ಆಸರೆಗಳಲ್ಲಿ ಒಂದಾಗಿತ್ತು. 1956ರಲ್ಲಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು, ಖಜಾನೆ ಬದಲಾಯಿತು, ಆಸರೆ ಬದಲಾಗಲಿಲ್ಲ. ಪಾನನಿಷೇಧಕ್ಕೆ ಪ್ರಯತ್ನಿಸಬೇಕೆಂದು ಸಂವಿಧಾನದ 47ನೆಯ ವಿಧಿ ಹೇಳುತ್ತದೆ. ಬಜೆಟ್ಟು ಪ್ರತಿವರ್ಷ ಅಬಕಾರಿ ಗುರಿಯನ್ನು ಏರಿಸುತ್ತದೆ. 2007ರ ಜುಲೈ 1ರಂದು ಸಾರಾಯಿ ನಿಂತಿತು, ಅದರ ಜಾಗಕ್ಕೆ ಅಗ್ಗದ ವಿಸ್ಕಿ, ರಮ್ಮು ಪೊಟ್ಟಣಗಳಲ್ಲಿ ಬಂದವು. ಪರವಾನಗಿಯಿಲ್ಲದ ಕಿರಾಣಿ ಅಂಗಡಿಗಳಲ್ಲೂ ಚಹಾದಂಗಡಿಗಳಲ್ಲೂ ಅವು ಮಾರಾಟವಾಗುತ್ತಿವೆ ಎಂಬ ದೂರನ್ನು ಹೊತ್ತು, 2019ರ ಜನವರಿಯಲ್ಲಿ ಸಾವಿರಾರು ಗ್ರಾಮೀಣ ಮಹಿಳೆಯರು ಚಿತ್ರದುರ್ಗದಿಂದ ಬೆಂಗಳೂರಿನವರೆಗೆ ನಡೆದರು. ಅವರಲ್ಲಿ ಬಹುಪಾಲು ಉತ್ತರ ಕರ್ನಾಟಕದವರು. ಅವರು ಕೇಳಿದ ಪ್ರಶ್ನೆಗೆ ಇನ್ನೂ ಸರಿಯಾದ ಉತ್ತರ ದೊರೆತಿಲ್ಲ.

ಈ ಕುಡಿತದ ಚಿತ್ರವನ್ನು ಯಾರೂ ತೆಗೆಯುವುದಿಲ್ಲ, ಯಾರಿಗೂ ಕಳಿಸುವುದಿಲ್ಲ. ಕೂಲಿ ಬಟವಾಡೆಯಾದ ಸಂಜೆ ಗೋಡೆಯ ಮರೆಯಲ್ಲಿ ನಿಂತು ಗಟಗಟನೆ ಮುಗಿಸಿ ಮನೆಗೆ ಹೋಗುವ ಗಂಡಸಿನ ಬಗ್ಗೆ ಕಟ್ಟೆಯಲ್ಲಿ ಪಂಚಾಯಿತಿ ಕೂಡುವುದಿಲ್ಲ. ಅವನ ಹೆಂಡತಿ ಮರುದಿನ ಕೂಲಿಗೆ ಹೋಗುತ್ತಾಳೆ, ಮಗಳು ಶಾಲೆ ಬಿಡುತ್ತಾಳೆ. ಮರೆಯ ಕುಡಿತಕ್ಕೆ ಹೀಗೆ ಬೆಲೆ ತೆರುತ್ತಿರುವುದು ಹೆಣ್ಣುಮಕ್ಕಳು. ಬೆಳಕಿನಲ್ಲಿ ಕಂಡ ಒಂದು ಲೋಟಕ್ಕೂ ಹೆಣ್ಣುಮಗಳೇ ಬೆಲೆ ತೆರಬೇಕಾದರೆ, ನಮ್ಮ ಆಕ್ಷೇಪ ಇರುವುದು ಮದ್ಯದ ಮೇಲೋ ಅಥವಾ ಅದು ಕಣ್ಣಿಗೆ ಬಿದ್ದುದರ ಮೇಲೋ ಎಂದು ಕೇಳಿಕೊಳ್ಳಬೇಕಾಗುತ್ತದೆ.

ತಂದೆಯ ಆತಂಕವನ್ನು ನಾನು ಲಘುವಾಗಿ ಕಾಣುವುದಿಲ್ಲ. ಒತ್ತೆಯಿಟ್ಟ ಹೊಲದ ಮೇಲೆ ಮಗ ಕುಡಿಯುತ್ತಿದ್ದಾನೆ ಎಂದು ತೋರಿದಾಗ ಯಾವ ರೈತನಿಗಾದರೂ ಹೊಟ್ಟೆ ಉರಿಯುತ್ತದೆ. ಆದರೆ ಲೆಕ್ಕವನ್ನು ಲೆಕ್ಕವಾಗಿಯೇ ನೋಡಬೇಕು. ವೀಸಾಕ್ಕಾಗಿ ವಿದ್ಯಾರ್ಥಿ ನಿರ್ಬಂಧಿತ ಖಾತೆಯಲ್ಲಿ ಇಡಬೇಕಾದ ಹಣ 2025ರಲ್ಲಿ ವರ್ಷಕ್ಕೆ 11,904 ಯೂರೊ ಇತ್ತು. ಅದರಿಂದ ತಿಂಗಳಿಗೆ ತೆಗೆಯಬಹುದಾದದ್ದು 992 ಯೂರೊ. ಮ್ಯೂನಿಕ್‌ನಂಥ ದುಬಾರಿ ನಗರದಲ್ಲಿ ಬಾಡಿಗೆಯೇ ಅದರ ದೊಡ್ಡ ಪಾಲನ್ನು ನುಂಗುತ್ತದೆ. 2025ರ ಹಬ್ಬದಲ್ಲಿ ಒಂದು ಮಗ್ಗಿನ ಬೆಲೆ 14.50ರಿಂದ 15.80 ಯೂರೊ. ಆ ವರ್ಷ ಅಲ್ಲಿನ ಕನಿಷ್ಠ ಕೂಲಿ ಗಂಟೆಗೆ 12.82 ಯೂರೊ. ಅಂದರೆ ವಾರಾಂತ್ಯದಲ್ಲಿ ಪಾತ್ರೆ ತೊಳೆಯುವ ವಿದ್ಯಾರ್ಥಿ ಒಂದು ಮಗ್ಗಿಗಾಗಿ ಒಂದು ಗಂಟೆಗೂ ಹೆಚ್ಚು ದುಡಿಯಬೇಕು. ಅದನ್ನು ದಿನವೂ ಮಾಡುವ ಅನುಕೂಲ ಯಾವ ವಿದ್ಯಾರ್ಥಿಗೂ ಇಲ್ಲ. ನಾನು ಕೇಳಿದಾಗ ಹುಡುಗ ತಾನು ಪಾಸಾದ ವಿಷಯಗಳ ಪಟ್ಟಿಯನ್ನೂ ಖಾತೆಯ ವಿವರವನ್ನೂ ಸಂಕೋಚವಿಲ್ಲದೆ ಕಳುಹಿಸಿದ. ಎರಡೂ ಸಮಾಧಾನಕರವಾಗಿದ್ದವು. ಅವನಿಗೆ 24 ವರ್ಷ. ಮದ್ಯ ಮಾರಾಟಕ್ಕೆ ಕರ್ನಾಟಕದ ನಿಯಮಗಳು ಹೇಳುವ 21ರ ವಯೋಮಿತಿಯನ್ನೂ ದಾಟಿದವನು. ಮ್ಯೂನಿಕ್‌ನಲ್ಲಿ ಅವನು ಮಾಡಿದ್ದು ಬೀದರ್‌ನಲ್ಲಿಯೂ ಅಪರಾಧವಲ್ಲ. ಕುಡಿಯದೆಯೂ ಆ ಹಬ್ಬವನ್ನು ನೋಡಿ ಬರಬಹುದಿತ್ತು ಎಂದು ಅವನಿಗೆ ಹೇಳುವ ಹಕ್ಕು ತಂದೆಗಿದೆ. ಹೇಳಲಿ. ಅದು ತಂದೆ ಮಗನ ನಡುವಿನ ಮಾತು.

ಮಗಳ ವಿಷಯ ಬೇರೆ. ಅವಳು ಯಾವ ಲೋಟವನ್ನೂ ಎತ್ತಿಲ್ಲ. 'ಗಂಡು ಹುಡುಗನೇ ಹೀಗಾದ ಮೇಲೆ ಹೆಣ್ಣು ಹುಡುಗಿಯ ಗತಿಯೇನು' ಎಂಬ ವಾದ ಕೇಳಲು ಸಹಜವೆನಿಸುತ್ತದೆ, ಆದರೆ ಅದರಲ್ಲಿ ಒಬ್ಬರ ನಡತೆಗೆ ಇನ್ನೊಬ್ಬರ ಭವಿಷ್ಯವನ್ನು ಜಾಮೀನಾಗಿ ಇಡಲಾಗಿದೆ. ಇದೇ ತಪ್ಪನ್ನು ಮಗಳು ಮಾಡಿ ಮಗ ಹೊರಡಲು ಸಿದ್ಧನಾಗಿದ್ದರೆ ಮಗನನ್ನು ಯಾರೂ ತಡೆಯುತ್ತಿರಲಿಲ್ಲ. ಆರ್ಥಿಕವಾಗಿಯೂ ಈ ತೀರ್ಮಾನ ನಷ್ಟದ್ದೇ. ಒಬ್ಬ ಮಗನ ಗಳಿಕೆಯಿಂದ ತೀರಬೇಕಾದ ಸಾಲ ಇಬ್ಬರ ಗಳಿಕೆಯಿಂದ ಬೇಗ ತೀರುತ್ತದೆ. ಮಳೆ ತಪ್ಪಿದರೆ ಸೋಯಾ, ಮಳೆ ಹೆಚ್ಚಾದರೆ ಉದ್ದು ಕೈಬಿಡುವ ಒಣಬೇಸಾಯದ ಸೀಮೆಯಲ್ಲಿ ಹೊಲದಾಚೆಯ ಎರಡನೆಯ ಆದಾಯವೇ ಮನೆಯ ನಿಜವಾದ ವಿಮೆ.

ಹಾಗಾದರೆ ಮಾಡಬೇಕಾದದ್ದೇನು? ಮಕ್ಕಳನ್ನು ಹೊರದೇಶಕ್ಕೆ ಕಳುಹಿಸಿದ ತಂದೆತಾಯಂದಿರು ಚಿತ್ರಗಳನ್ನು ನೋಡುವ ಬದಲು ಮೂರು ಪ್ರಶ್ನೆಗಳನ್ನು ತಪ್ಪದೆ ಕೇಳಲಿ: ಈ ಸೆಮಿಸ್ಟರಿನಲ್ಲಿ ಎಷ್ಟು ವಿಷಯ ಪಾಸಾದೆ, ಖಾತೆಯಲ್ಲಿ ಎಷ್ಟು ಉಳಿದಿದೆ, ಆರೋಗ್ಯ ವಿಮೆಯ ಕಂತು ಕಟ್ಟಿದ್ದೀಯಾ. ಎಂಜಿನಿಯರಿಂಗ್ ಕಾಲೇಜುಗಳು, ಅದರಲ್ಲೂ ಕಲ್ಯಾಣ ಕರ್ನಾಟಕದವು, ಹೊರಡುವ ವಿದ್ಯಾರ್ಥಿಗಳಿಗೆ ಒಂದೆರಡು ದಿನಗಳ ತಿಳಿವಳಿಕೆ ನೀಡಲಿ. ಆ ದೇಶದ ಕಾನೂನು, ದುಡಿಮೆಯ ಮಿತಿ, ಮದ್ಯ, ಹೆಣ್ಣುಮಕ್ಕಳ ಸುರಕ್ಷತೆ, ಎಲ್ಲವನ್ನೂ ಮುಚ್ಚುಮರೆಯಿಲ್ಲದೆ ಹೇಳಲಿ. ತಂದೆತಾಯಂದಿರನ್ನೂ ಕರೆದು ಕೂರಿಸಲಿ. ಸರ್ಕಾರ, ಗುರಿಯನ್ನು ಏರಿಸುವ ಉತ್ಸಾಹದ ಒಂದಂಶವನ್ನಾದರೂ ಕಿರಾಣಿ ಅಂಗಡಿಗಳ ಅಕ್ರಮ ಮಾರಾಟ ತಡೆಯಲು, ತಾಲ್ಲೂಕು ಆಸ್ಪತ್ರೆಗಳಲ್ಲಿ ವ್ಯಸನಮುಕ್ತಿಯ ಚಿಕಿತ್ಸೆ ಒದಗಿಸಲು ತೋರಿಸಲಿ. 34 ಸಾವಿರ ಕೋಟಿ ಸಂಗ್ರಹಿಸುವ ಕೈಗೆ ಇದು ಭಾರವಾಗದು.

ಜರ್ಮನಿಯ ಹಲವು ವಿಶ್ವವಿದ್ಯಾಲಯಗಳಲ್ಲಿ ಚಳಿಗಾಲದ ಸೆಮಿಸ್ಟರಿನ ಅರ್ಜಿಗೆ ಜುಲೈ 15 ಕೊನೆಯ ದಿನ. ಅದಕ್ಕೂ ಮೊದಲು ಭಾರತೀಯ ವಿದ್ಯಾರ್ಥಿಗಳು ತಮ್ಮ ಅಂಕಪಟ್ಟಿಗಳ ಪರಿಶೀಲನಾ ಪ್ರಮಾಣಪತ್ರವನ್ನು ಪಡೆಯಬೇಕು. 2022ರ ನವೆಂಬರ್‌ನಿಂದ ಅದು ಕಡ್ಡಾಯವಾಗಿದೆ ಮತ್ತು ಕೈಸೇರಲು ಕಾಲ ಹಿಡಿಯುತ್ತದೆ. ಬೀದರ್, ಕಲಬುರಗಿ, ಯಾದಗಿರಿಗಳ ಎಷ್ಟೋ ಮನೆಗಳಲ್ಲಿ ಇಂಥ ಅರ್ಜಿಗಳು ಈಗ ಒಂದು ಸಹಿಗಾಗಿ ಕಾದಿರಬಹುದು. ಸಹಿ ಹಾಕುವ ಮುನ್ನ ತಂದೆಯಾದವನು ನೋಡಬೇಕಾದದ್ದು ಮಗಳ ಅಂಕಪಟ್ಟಿಯನ್ನು.