ಹೃದಯದ ಆಪರೇಷನ್ ಆದವರೊಡನೆ ನಡೆಯಿರಿ

ಬೆಂಗಳೂರಿನ ದಂಡು, ಹಲಸೂರು, ಇಂದಿರಾನಗರ, ಕೃಷ್ಣರಾಜಪುರಗಳ ನಿವಾಸಿಗಳಲ್ಲಿ ಒಂದು ವಿಜ್ಞಾಪನೆ



ಎದೆಯ ಮೂಳೆಯನ್ನು ಸೀಳಿ, ಮುಚ್ಚಿಹೋದ ರಕ್ತನಾಳವನ್ನು ಬಳಸಿಹೋಗುವಂತೆ ಕಾಲಿನಿಂದಲೋ ಎದೆಯ ಒಳಗೋಡೆಯಿಂದಲೋ ತೆಗೆದ ಮತ್ತೊಂದು ನಾಳವನ್ನು ಜೋಡಿಸಿ, ಸಾವಿನ ಅಂಚಿನಲ್ಲಿದ್ದವನನ್ನು ವಾರ ಹತ್ತು ದಿನಗಳಲ್ಲಿ ಮನೆಗೆ ಕಳುಹಿಸುವ ವಿದ್ಯೆಯು ನಮ್ಮ ನಗರದಲ್ಲಿ ಇಂದು ನಿತ್ಯದ ಸಂಗತಿಯಾಗಿದೆ. ವೈಟ್‌ಫೀಲ್ಡಿನ ಶ್ರೀ ಸತ್ಯಸಾಯಿ ಆಸ್ಪತ್ರೆಯಲ್ಲಿ 2001ರಿಂದ ಅದು ಬಡವರಿಗೂ ಬಿಡಿಗಾಸಿನ ಖರ್ಚಿಲ್ಲದೆ ಲಭಿಸುತ್ತಿದೆ. ಆದರೆ ಇಷ್ಟು ಶ್ರಮದಿಂದ ಉಳಿಸಿಕೊಂಡ ಜೀವವನ್ನು ಮನೆಗೆ ಕರೆತಂದ ಮೇಲೆ ನಾವು ಮಾಡುವುದೇನು? ಕುರ್ಚಿಯಲ್ಲಿ ಕೂರಿಸುತ್ತೇವೆ. "ನೀವು ಏಳಬೇಡಿ, ನಾನೇ ತಂದುಕೊಡ್ತೀನಿ" ಎಂದು ಹೆಂಡತಿ, "ಅಪ್ಪಾ, ಮೆಟ್ಟಿಲಿಳಿಯೋದು ಬೇಡ" ಎಂದು ಮಗ. ದಂಡಿನ ಓಣಿಗಳಲ್ಲಿ ಕನ್ನಡ, ತಮಿಳು, ಉರ್ದು, ಯಾವ ಮಾತಿನ ಮನೆಗೆ ಹೋದರೂ ಕೇಳಿಬರುವುದು ಇದೇ. ಈ ವಾತ್ಸಲ್ಯವನ್ನು ನಾವು ಹಳಿಯುವುದಿಲ್ಲ. ಆದರೆ ಅದರೊಳಗೆ ಅಡಗಿರುವ ಭಯವು ರೋಗಿಗೆ ಅಂಟಿ, ತಾನಿನ್ನು ಕೆಲಸಕ್ಕೆ ಬಾರದವನೆಂಬ ಖಿನ್ನತೆಯಾಗಿ ಬೆಳೆಯುವುದುಂಟೆಂದು ಎಚ್ಚರಿಸುವುದಕ್ಕಾಗಿಯೇ ಈ ಕರಪತ್ರ.

ಹೃದಯ ನೊಂದವನು ಅಲುಗಾಡಬಾರದೆಂಬುದಕ್ಕೆ ಒಂದು ಕಾಲದಲ್ಲಿ ವೈದ್ಯಶಾಸ್ತ್ರದ ಸಮ್ಮತಿಯೇ ಇದ್ದಿತು. ಹೃದಯಾಘಾತವಾದವರನ್ನು ವಾರಗಟ್ಟಲೆ ಹಾಸಿಗೆಯಿಂದ ಏಳಗೊಡುತ್ತಿರಲಿಲ್ಲ. 1952ರಲ್ಲಿ ಅಮೆರಿಕದ ಲೆವೈನ್ ಮತ್ತು ಲೌನ್ ಎಂಬ ವೈದ್ಯರು ಅಂಥವರನ್ನು ಮೊದಲ ವಾರದಲ್ಲಿಯೇ ಕುರ್ಚಿಗೆ ತಂದು ಕೂರಿಸಿ, ಅದರಿಂದ ಅನರ್ಥವೇನೂ ಆಗದೆಂಬುದನ್ನು ಪ್ರಕಟಿಸಿದರು. ಅಂದಿಗೆ ಕುರ್ಚಿಯೇ ಸಾಹಸವಾಗಿದ್ದಿತು. ಇಷ್ಟು ದಶಕಗಳಾದರೂ ನಮ್ಮ ಮನೆಗಳು ಆ ಕುರ್ಚಿಯನ್ನು ದಾಟಿಲ್ಲ. 1953ರಲ್ಲಿ ಲಂಡನ್ನಿನಲ್ಲಿ ಜೆರ್ರಿ ಮಾರಿಸ್ ಎಂಬ ವೈದ್ಯನು ಎರಡಂತಸ್ತಿನ ಬಸ್ಸುಗಳ ನೌಕರರನ್ನು ಪರಿಶೀಲಿಸಿ, ದಿನವೆಲ್ಲ ಮೆಟ್ಟಿಲು ಹತ್ತಿ ಇಳಿಯುವ ಕಂಡಕ್ಟರನಿಗೆ, ಕುಳಿತೇ ದುಡಿಯುವ ಡ್ರೈವರನಿಗಿಂತ ಹೃದ್ರೋಗ ಕಡಿಮೆಯೆಂದೂ, ಬಂದರೂ ಅಷ್ಟು ಉಗ್ರವಾಗಿರುವುದಿಲ್ಲವೆಂದೂ ತೋರಿಸಿಕೊಟ್ಟನು. ಶಿವಾಜಿನಗರದ ಬಸ್ ನಿಲ್ದಾಣವನ್ನು ಬಲ್ಲ ನಮಗೆ ಈ ಮಾತು ಸುಲಭವಾಗಿ ಮನದಟ್ಟಾಗಬೇಕು. ಅದು ಆರೋಗ್ಯವಂತರ ವಿಚಾರವಲ್ಲವೇ ಎಂದು ಕೇಳುವವರಿಗೂ ಉತ್ತರವುಂಟು: ಹೃದಯಾಘಾತವಾದವರಲ್ಲಿ, ಬೈಪಾಸ್ ಮತ್ತು ಸ್ಟೆಂಟ್ ಚಿಕಿತ್ಸೆ ಪಡೆದವರಲ್ಲಿ ಮುಂದೆ ನಡೆದ ಅನೇಕ ಪರೀಕ್ಷೆಗಳನ್ನು ಒಟ್ಟುಗೂಡಿಸಿ ನೋಡಿದಾಗ, ಕ್ರಮಬದ್ಧ ವ್ಯಾಯಾಮವು ಹೃದಯದ ಕಾರಣದಿಂದಾಗುವ ಮರಣಗಳನ್ನೂ ಪುನಃ ಆಸ್ಪತ್ರೆ ಸೇರುವ ಪ್ರಸಂಗಗಳನ್ನೂ ಕಡಿಮೆಮಾಡುವುದೆಂದು ಸಿದ್ಧವಾಗಿದೆ.

ಸೀಳಿದ ಎದೆಮೂಳೆ ಕೂಡಿಕೊಳ್ಳುವುದಕ್ಕೆ ಆರರಿಂದ ಎಂಟು ವಾರ, ಕೆಲವರಿಗೆ ಇನ್ನೂ ಹೆಚ್ಚು ಕಾಲ ಬೇಕು. ಅಲ್ಲಿಯವರೆಗೆ ನೀರಿನ ಕೊಡ, ಗ್ಯಾಸ್ ಸಿಲಿಂಡರು, ಮೊಮ್ಮಗು, ಇವುಗಳನ್ನೆತ್ತುವುದು ಸಲ್ಲದು. ಸ್ಕೂಟರ್ ಓಡಿಸುವುದೂ ಸಲ್ಲದು. ಆದರೆ ಈ ನಿಷೇಧವೆಲ್ಲ ಕೈಗಳಿಗೆ ಮತ್ತು ಎದೆಗೆ ಸಂಬಂಧಿಸಿದ್ದೇ ಹೊರತು ಕಾಲುಗಳಿಗಲ್ಲ. ಆಸ್ಪತ್ರೆಯಲ್ಲಿಯೇ, ಆಪರೇಷನ್ ಆದ ಒಂದೆರಡು ದಿನಗಳೊಳಗೆ ಫಿಸಿಯೋಥೆರಪಿಯವರು ರೋಗಿಯನ್ನು ಹಿಡಿದು ನಡೆಸಿರುತ್ತಾರೆ. ಅವರು ಆರಂಭಿಸಿದ್ದನ್ನು ಮನೆಯವರು ನಿಲ್ಲಿಸಬಾರದು. ಮೊದಲು ಸಮನಾದ ನೆಲದಲ್ಲಿ ಐದು ನಿಮಿಷ, ದಿನಕ್ಕೆ ಎರಡು ಮೂರು ಬಾರಿ. ಬಳಿಕ ವೈದ್ಯರ ಅಪ್ಪಣೆಯಂತೆ ಸ್ವಲ್ಪಸ್ವಲ್ಪವಾಗಿ ಏರಿಸುತ್ತ ಅರ್ಧ ಗಂಟೆಯವರೆಗೆ. ನಡೆಯುತ್ತಲೇ ಮಾತನಾಡಲು ಉಸಿರು ಸಾಲುವಂತಿದ್ದರೆ ವೇಗ ಸರಿಯಿದೆ. ಎದೆಯಲ್ಲಿ ನೋವು ಅಥವಾ ಬಿಗಿತ, ತಲೆಸುತ್ತು, ಮಿತಿಮೀರಿದ ಏದುಸಿರು ಕಂಡುಬಂದರೆ ಒಡನೆಯೇ ನಿಂತು ಕುಳಿತುಕೊಳ್ಳಬೇಕು. ಅದು ಶಮನವಾಗದಿದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಹೆಂಗಸರ ವಿಷಯದಲ್ಲಿ ನಮ್ಮ ಅನ್ಯಾಯ ಇಮ್ಮಡಿಯಾದದ್ದು. ಮನೆಯ ಯಜಮಾನನನ್ನು ಏಳಗೊಡದ ಕುಟುಂಬವೇ, ಆಪರೇಷನ್ ಆದ ಅತ್ತೆಯೋ ತಾಯಿಯೋ ತಿಂಗಳು ತುಂಬುವ ಮೊದಲೇ ಒಲೆಯ ಮುಂದೆ ನಿಂತದ್ದನ್ನು ನೋಡಿಯೂ ಸುಮ್ಮನಿರುತ್ತದೆ. ಆಕೆ ವಾಕಿಂಗಿಗೆ ಹೊರಟರೆ, ಮನೆಗೆಲಸವೇ ಸಾಕಷ್ಟಿರುವಾಗ ಅದೇಕೆಂದು ಕೇಳುತ್ತದೆ. ಕುಕ್ಕರನ್ನೆತ್ತುವುದು, ಬಟ್ಟೆ ಹಿಂಡುವುದು ಇನ್ನೂ ಕೂಡಿಕೊಳ್ಳದ ಎದೆಮೂಳೆಗೆ ಅಪಾಯಕರ. ಬೆಳಗಿನ ಅರ್ಧ ಗಂಟೆಯ ನಿರಾತಂಕ ನಡಿಗೆ ಆಕೆಗೆ ಚಿಕಿತ್ಸೆ. ಆ ಅರ್ಧ ಗಂಟೆ ಅಡುಗೆಮನೆಯನ್ನು ಮಗನೋ ಗಂಡನೋ ನೋಡಿಕೊಳ್ಳಲಿ.

ಇಷ್ಟನ್ನೆಲ್ಲ ಒಬ್ಬಂಟಿಯಾಗಿ ಸಾಧಿಸುವ ಧೈರ್ಯ ಬಹುಜನರಿಗಿಲ್ಲ. ಆದಕಾರಣ ನಮ್ಮ ಮೊದಲ ಕೋರಿಕೆ ನೆರೆಹೊರೆಯವರಲ್ಲಿ: ಹಲಸೂರು ಕೆರೆಯ ದಂಡೆಗೋ ನಿಮ್ಮ ಬೀದಿಯ ಪಾರ್ಕಿಗೋ ದಿನವೂ ಹೋಗುವವರು, ಆಪರೇಷನ್ ಆದವರ ಮನೆಬಾಗಿಲಲ್ಲಿ ನಿಂತು ಅವರನ್ನು ಕರೆಯಿರಿ; ಅವರ ಹೆಜ್ಜೆಗೆ ನಿಮ್ಮ ಹೆಜ್ಜೆಯನ್ನು ತಗ್ಗಿಸಿರಿ.

ಎರಡನೆಯದು ಆಸ್ಪತ್ರೆಗಳಲ್ಲಿ: ಡಿಸ್ಚಾರ್ಜ್ ಚೀಟಿಯಲ್ಲಿ ಮಾತ್ರೆಗಳಂತೆಯೇ, ಯಾವ ವಾರ ಎಷ್ಟು ನಿಮಿಷ ನಡೆಯಬೇಕೆಂಬುದನ್ನೂ ರೋಗಿ ಓದಬಲ್ಲ ಭಾಷೆಯಲ್ಲಿ ಬರೆದುಕೊಡಿರಿ. ದೂರದ ದೊಡ್ಡ ಆಸ್ಪತ್ರೆಗೆ ವಾರವಾರವೂ ಹೋಗಲಾರದವರಿಗಾಗಿ, ಶಿವಾಜಿನಗರದ ಬೌರಿಂಗ್ ಆಸ್ಪತ್ರೆ, ಇಂದಿರಾನಗರದ ಸರ್ ಸಿ.ವಿ. ರಾಮನ್ ಆಸ್ಪತ್ರೆ, ಕೃಷ್ಣರಾಜಪುರದ ಸರ್ಕಾರಿ ಆಸ್ಪತ್ರೆಗಳು ವಾರಕ್ಕೆ ಎರಡು ಬೆಳಗನ್ನು ಹೃದಯರೋಗಿಗಳ ವ್ಯಾಯಾಮಕ್ಕೆ ಮೀಸಲಿಟ್ಟು, ನಾಡಿ ಮತ್ತು ರಕ್ತದೊತ್ತಡವನ್ನು ನೋಡಿ ನಡೆಸುವಂತಾಗಬೇಕು.

ಮೂರನೆಯದು ನಗರಪಾಲಿಕೆಯಲ್ಲಿ. ಕೃಷ್ಣರಾಜಪುರದ ತೂಗುಸೇತುವೆಯ ಸುತ್ತಣ ರಸ್ತೆಗಳನ್ನು ದಾಟುವುದು ಗಟ್ಟಿಮುಟ್ಟಾದವನಿಗೇ ಕಷ್ಟ. ಹಳೆಯ ಮದ್ರಾಸು ರಸ್ತೆಯ ಉದ್ದಕ್ಕೂ ಸುಸ್ತಾದವನು ಕೂರಲು ಒಂದು ಕಲ್ಲುಬೆಂಚಿಗಾಗಿ ಹುಡುಕಬೇಕು. ಎದೆಯಲ್ಲಿ ಹೊಲಿಗೆಯಿರುವವನು ಎಡವಿ ಬೀಳದಂಥ ಫುಟ್‌ಪಾತು, ಅದರ ಪಕ್ಕದಲ್ಲಿ ಇನ್ನೂರು ಹೆಜ್ಜೆಗೊಂದು ಬೆಂಚು, ಪಾರ್ಕುಗಳಲ್ಲಿ ಶೌಚಾಲಯ: ಇವುಗಳಿಗಾಗಿ ಪ್ರತಿ ಬೀದಿಯವರೂ ಸಹಿಮಾಡಿದ ಅರ್ಜಿಯನ್ನು ತಮ್ಮ ವಾರ್ಡ್ ಕಚೇರಿಗೆ ಈ ತಿಂಗಳೇ ಸಲ್ಲಿಸಬೇಕೆಂದು ಪ್ರಾರ್ಥಿಸುತ್ತೇವೆ.